ಹೊಲದ ಮನ್ಯಾಗ ಬಂದೂಕು ಇರಬೇಕಾ? ಅನುಭವ ಇದ್ದೋರು ಹೇಳ್ರಿ

ನಮ್ದು ಗಂಗಾವತಿ ಹತ್ರ ಹೊಲದಾಗ ಮನಿ. ಅಪ್ಪಾರ ಹೆಸರಿನ ಮ್ಯಾಲ ಲೈಸೆನ್ಸ್ ಇರೋ ಡಬಲ್ ಬ್ಯಾರಲ್ ಐತಿ, ಅವರಿಗೆ ಈಗ 70 ದಾಟೈತಿ, ನಿನ್ನ ಹೆಸರಿಗೆ ಮಾಡ್ಸಿಕೋ ಅಂತಾರ. ಬಾಜು ತೋಟದ ಮನಿಗೆ ಕಳ್ರು ನುಗ್ಗಿದ ಮ್ಯಾಲ ನನಗೂ ಇರ್ಲಿ ಅನಿಸ್ತೈತಿ. ಆದ್ರ ಮನುಷ್ಯಾನ ಮ್ಯಾಲ ಹಾರ್ಸಾಕಂತ ಮನ್ಯಾಗ ಒಂದು ಇಟ್ಕೊಳ್ಳೋದು ಸರೀನಾ ಅಂತ ನಮ್ಮನಿಯಾಕಿ ಕೇಳ್ತಾಳ. ಏನ್ ಹೇಳ್ಬೇಕೋ ತಿಳಿವಲ್ದು.

ಕಾರಟಗಿಯಿಂದ:
ಅಣ್ಣಾರ, ಹೆಸರಿಗೆ ಮಾಡ್ಸೋದು ಆಕೈತಿ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಇದ್ದೋರಿಗೆ 70 ಆಗಿದ್ರ, ಇಲ್ಲಾ ಬಂದೂಕು 25 ವರ್ಷ ಇಟ್ಕೊಂಡಿದ್ರ ವಾರಸುದಾರ ಅರ್ಜಿ ಹಾಕಬಹುದು, ಪೊಲೀಸ್ ವೆರಿಫಿಕೇಷನ್ ಇರ್ತೈತಿ. ಆದ್ರ ಎಲೆಕ್ಷನ್ ಬಂದಾಗ ನಮ್ದು ಠಾಣೆಗೆ ಜಮಾ ಆಗ್ತೈತಿ, ಆವಾಗ ನಮ್ಮನ್ನ ಕಾಯೋದು ಅಂಗಳದ ಲೈಟು, ನಾಯಿ, ಆಜುಬಾಜು ಹೊಲದವರ ಫೋನ್ ನಂಬರು. ಅವನ್ನ ಮೊದ್ಲು ಗಟ್ಟಿ ಮಾಡ್ಕೊರಿ.

ಸಿಂಧನೂರಿಂದ:
ಇಟ್ಕೊಳ್ಳೋದ್ರಾಗ ತಪ್ಪಿಲ್ಲ. ಹೆಂಡ್ರು ಮಕ್ಳ ಮ್ಯಾಲ ಮಚ್ಚು ಎತ್ತಿದವನ ಮುಂದ ಕೈಕಟ್ಟಿ ನಿಂದ್ರು ಅಂತ ಯಾರೂ ಹೇಳಂಗಿಲ್ಲ, ಕಾನೂನೂ ಹೇಳಂಗಿಲ್ಲ. ಆದ್ರ ನಮ್ಮ ಕಡೆ ರಾತ್ರಿ ಹೊಲದಾಗ ಓಡಾಡೋರು ಯಾರ್ರೀ, ತ್ರೀಫೇಸ್ ಕರೆಂಟು ರಾತ್ರಿ ಕೊಟ್ರ ಎಲ್ಲಾರೂ ಬ್ಯಾಟರಿ ಹಿಡ್ಕೊಂಡು ನೀರು ಕಟ್ಟಾಕ ಹೋಗೋರೇ. ಒಂದಿನ ನಮ್ಮ ಪಂಪ್‌ಸೆಟ್ ಹತ್ರ ಯಾರೋ ಕುಂತಂಗ ಕಂಡ್ತು, ಕೇಬಲ್ ಕೊಯ್ಯಾಕ ಬಂದಾರ ಅಂತ ಅಪ್ಪ ಬಂದೂಕಿನಾಗ ತೋಟಾ ತುಂಬಿಕೊಂಡು ಬಂದ್ರು, ಆದ್ರ ನಳಿಗಿ ನೆಲಕ್ಕ ಮಾಡಿ ಹಿಡಿದು ‘ಯಾರಪಾ ಅಂವಾ’ ಅಂತ ಮತ್ತಮತ್ತ ಕೂಗಿದ್ರು. ಕಡೀಕ ‘ನಾನ್ರೀ ಕಾಕಾ’ ಅಂತು. ಬಾಜು ಹೊಲದ ಹುಡುಗ, ಕಿವ್ಯಾಗ ಇಯರ್‌ಫೋನ್ ಹಾಕ್ಕೊಂಡು ಮಡಿಗೆ ನೀರು ತಿರುವಾಕತ್ತಿದ್ದ. ತೋಟಾ ಹೊರಗ ತೆಗಿಯೋವಾಗ ಅಪ್ಪನ ಕೈ ನಡುಗಿ ಒಂದು ಕೆಸರಾಗ ಬಿತ್ತು.

ಹಳೇ ಐಪಿಸಿ ಬದ್ಲಿಗೆ 2024 ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೊಳಗ 34ರಿಂದ 44ನೇ ಸೆಕ್ಷನ್ ತನಕ ಆತ್ಮರಕ್ಷಣೆ ವಿಷಯಾನೇ ಐತಿ. ಜೀವಕ್ಕ ಕುತ್ತು ಬಂದಾಗ, ರಾತ್ರಿ ಮನಿ ಒಡದು ನುಗ್ಗಿದಾಗ ಮಾತು ಬ್ಯಾರೆ, ಬರೀ ಕೇಬಲ್ ಕದ್ದು ಓಡೋನ ಬೆನ್ನಿಗೆ ಹೊಡಿಯಾಕ ಬಿಡಂಗಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡಬಾರ್ದು ಅಂತ 37ರಾಗ ಸಾಫ್ ಐತಿ. ಕಾನೂನು ಬಿಡ್ರಿ, ತಾಮ್ರದ ತಂತಿ ಸಲುವಾಗಿ ಒಬ್ಬನ ಜೀವ ತೆಗದು ಅದೇ ಹೊಲದಾಗ ಬಿತ್ತಾಕ ಮನಸ್ಸು ಬರ್ತೈತೇನು?

ರಾಯಚೂರಿಂದ:
ನಿಮ್ಮನಿಯವರು ಕೇಳಿದ್ದು ಸರಿ ಐತಿ ಅಣ್ಣ. ಕಳ್ಳ ಯಾವಾಗರ ಬರ್ತಾನ, ಬದುವಿನ ಜಗಳ, ಕುಡಿದು ಬಂದ ಸಿಟ್ಟು ಇವು ಮನ್ಯಾಗ ದಿನಾ ಇರ್ತಾವ. ನಮ್ಮ ಬೀಗರ ಮನ್ಯಾಗ ಅಣ್ಣತಮ್ಮರ ಪಾಲಿನ ಜಗಳದಾಗ ಗ್ವಾಡಿ ಮ್ಯಾಲಿನ ಬಂದೂಕು ಇಳೀತು, ಗುಂಡು ಹಾರಲಿಲ್ಲ ಖರೆ, ಆದ್ರ ಅವತ್ತಿಂದ ನಾನು ಮಕ್ಳನ್ನ ಆ ಮನಿಗೆ ಕಳ್ಸಿಲ್ಲ. ನಿಮಗ ಕುಡಿಯೋ ಚಟ ಇದ್ರ, ಸಿಟ್ಟು ಜಲ್ದಿ ಬರ್ತಿದ್ರ ಬ್ಯಾಡವೇ ಬ್ಯಾಡ. ಇಲ್ಲಾಂದ್ರ ಬೀಗದ ಕೀಲಿ ಯಾರ ಹತ್ರ ಇರ್ಬೇಕು ಅಂತ ಗಂಡ ಹೆಂಡ್ತಿ ಕುಂತು ಮಾತಾಡ್ರಿ, ತೀರ್ಮಾನ ಆಗೋ ತನಕ ಅಪ್ಪಾರ ಕಡಿಂದ ಠಾಣೆಗೋ ಲೈಸೆನ್ಸ್ ಇರೋ ಡೀಲರ್ ಹತ್ರಾನೋ ಡೆಪಾಸಿಟ್ ಮಾಡಿಸಿ ರಸೀದಿ ಇಟ್ಕೊರಿ.