ಜೀನ್ಸ್ ಸಣ್ಣ ಜೇಬಿಗೆ ಮ್ಯೂಸಿಕ್ ಪ್ಲೇಯರ್, ಕಾನ್ಸೆಪ್ಟ್ ಹೆಂಗೈತೆ ಹೇಳ್ರಿ

ಬಳ್ಳಾರಿ_ಸ್ಕೆಚ್:
ಎಲ್ರಿಗೂ ನಮಸ್ಕಾರ. ಪ್ರಾಡಕ್ಟ್ ಡಿಸೈನ್ ಓದ್ತಾ ಇದೀನಿ, ಕೊನೆ ಸೆಮ್, ಊರು ಬಳ್ಳಾರಿ. ಜೊತೆಗೆ ಒಯ್ಯೋ ಅಂಥ ಮ್ಯೂಸಿಕ್ ಗ್ಯಾಜೆಟ್ ಒಂದನ್ನ ಕಲ್ಪನೆ ಮಾಡಿ ಡಿಸೈನ್ ಮಾಡ್ಬೇಕು, ಮಾಡಿ ತೋರ್ಸೋದು ಬ್ಯಾಡ, ಕಾನ್ಸೆಪ್ಟ್ ಸಾಕು ಅಂದಾರೆ ಸರ್. ನೆಟ್‌ನಾಗ ಹುಡುಕಿದ್ರೆ ಬರೀ ಗಾಜಿನ ಉಂಗುರ, ಗಾಳೀಲಿ ತೇಲೋ ಸ್ಪೀಕರ್, ಒಂದಕ್ಕೂ ಬಟನ್ ಇಲ್ಲ, ಚಾರ್ಜರ್ ಎಲ್ಲಿ ಚುಚ್ತಾರೋ ಆ ದೇವ್ರಿಗೇ ಗೊತ್ತು. ನಮ್ಮೂರು ಜೀನ್ಸ್‌ಗೆ ಹೆಸರುವಾಸಿ ಅಲ್ವಾ, ಅದಕ್ಕೆ ನಾನು ಯೋಚನೆ ಮಾಡಿದ್ದು ಏನಂದ್ರೆ ಪ್ಯಾಂಟಿನ ಬಲಗಡೆ ಜೇಬಿನ ಒಳಗೆ ಇನ್ನೊಂದು ಸಣ್ಣ ಜೇಬು ಇರ್ತದಲ್ಲ ಅದ್ರಾಗ ಬಿಸ್ಕೆಟ್ ಗಾತ್ರದ ಪ್ಲೇಯರ್, ಸ್ಕ್ರೀನ್ ಇಲ್ಲ, ಜೇಬಿನ ಮೂಲೇಲಿರೋ ತಾಮ್ರದ ರಿವಿಟ್‌ಗಳೇ ಬಟನ್, ಒಂದು ಮುಟ್ಟಿದ್ರೆ ಹಾಡು ನಿಲ್ತದೆ ಇನ್ನೊಂದು ಮುಟ್ಟಿದ್ರೆ ಮುಂದಿನ ಹಾಡು, ಸೊಂಟದ ಬಟನ್ ತಿರುಗಿಸಿದ್ರೆ ವಾಲ್ಯೂಮ್. ಚಾರ್ಜ್ ಮಾಡೋದೇ ಬ್ಯಾಡ, ನಡೆದ್ರೆ ಸಾಕು, ಆ ಅಲುಗಾಟಕ್ಕೇ ಚಾರ್ಜ್ ಆಗ್ತದೆ. ಇದು ಆಗೋ ಮಾತಾ? ತಿಳಿದೋರು ಹೇಳ್ರಿ, ಬೈದ್ರೂ ಪರವಾಗಿಲ್ಲ.

ಸುಮ್ನೆ_ಬಂದೆ:
ಫೋನ್ ಐತಲ್ಲೋ ಮಾರಾಯ. ಆ್ಯಪಲ್‌ನವ್ರು ತಮ್ಮ ಮ್ಯೂಸಿಕ್ ಪ್ಲೇಯರ್ ಐಪಾಡನ್ನೇ 2022ರಾಗ ನಿಲ್ಲಿಸಿಬಿಟ್ರು, ಇನ್ನು ನಿನ್ನ ಬಿಸ್ಕೆಟ್ ಯಾರು ತಗೋತಾರೆ.

ಹೊಲಿಗೆ_ಲೈನ್:
ತಮ್ಮಾ, ನಾನು ಹದಿನೈದು ವರ್ಷದಿಂದ ಜೀನ್ಸ್ ಲೈನ್‌ನಾಗೇ ಇರೋನು, ಅದಕ್ಕೇ ಹೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ. ಆ ಜೇಬಿಗೆ ವಾಚ್ ಪಾಕೆಟ್ ಅಂತೀವಿ, ಹಿಂದೆ ಚೈನ್ ಗಡಿಯಾರ ಇಡಾಕ ಅಂತ ಮಾಡಿದ್ದು, ಈಗ ಚಿಲ್ಲರೆ, ಬೈಕ್ ಕೀ, ಬಸ್ ಟಿಕೆಟ್ ಏನ್ ಬೇಕಾದ್ರೂ ತುರುಕ್ತಾರೆ. ನಿನ್ನ ಐಡಿಯಾದ ಅಣ್ಣ ಆಗ್ಲೇ ಹುಟ್ಟ್ಯಾನೆ. 2006ರಾಗ ಲೀವೈಸ್‌ನವ್ರು ರೆಡ್‌ವೈರ್ ಅಂತ ಒಂದು ಜೀನ್ಸ್ ತಂದಿದ್ರು, ಐಪಾಡ್ ಕೂರಾಕ ಜೇಬು, ಈ ವಾಚ್ ಪಾಕೆಟ್‌ನಾಗೇ ಒಂದು ಪುಟ್ಟ ಜಾಯ್‌ಸ್ಟಿಕ್, ರೇಟು 200 ಡಾಲರ್. ಆಮೇಲೆ 2017ರಾಗ ಗೂಗಲ್ ಜೊತೆ ಸೇರಿ ಡೆನಿಮ್ ಜಾಕೆಟ್ ಮಾಡಿದ್ರು, ತೋಳಿನ ತುದೀಲಿ ಕರೆಂಟ್ ಹರಿಯೋ ದಾರ ನೇಯ್ದಿದ್ರು, ಕೈ ಸವರಿದ್ರೆ ಹಾಡು ಬದ್ಲಾಗೋದು, 350 ಡಾಲರ್. ಹತ್ತು ಸಲ ಒಗೀಬೌದು ಅಂತ ಹೇಳಿದ್ರು ಅದನ್ನ. ಹತ್ತೇ ಸಲ! ನಮ್ಮನೇಲಿ ಎರಡು ತಿಂಗಳಿಗೆ ಆಯಸ್ಸು ಮುಗೀತದೆ.

ಇನ್ನೊಂದು, ಜೀನ್ಸ್ ಹೊಲಿದ ಮೇಲೆ ವಾಶಿಂಗ್‌ಗೆ ಹೋಗ್ತದೆ. ಅಲ್ಲಿ ದೊಡ್ಡ ಡ್ರಮ್, ಪ್ಯೂಮಿಸ್ ಕಲ್ಲು, ಎನ್‌ಜೈಮ್, ಬಿಸಿನೀರು, ಗಂಟೆಗಟ್ಲೆ ತಿರುಗಿಸ್ತಾರೆ, ನೀನು ಸೊಂಟಪಟ್ಟೀಲಿ ವೈರ್ ಹೊಲಿದು ಕೊಟ್ರೆ ಹೊರಗೆ ಬರೋವಾಗ ಸೇಮಿಗೆ ಆಗಿರ್ತದೆ. ರಿವಿಟ್ ವಾಶ್ ಆದ್ಮೇಲೆ ಹೊಡೀಬೌದು ಸರಿ, ಆದ್ರೆ ರಿವಿಟ್‌ನಿಂದ ಜೇಬಿನೊಳಗೆ ವೈರ್ ಯಾರು ಎಳೀತಾರೆ, ಆ ಆಪರೇಶನ್‌ಗೆ ಲೈನ್‌ನಾಗ ಒಬ್ಬ ಹೆಚ್ಚಿಗೆ ಬೇಕು, ಪೀಸ್ ರೇಟ್ ಕೇಳಿದ್ರೆ ಓನರ್ ಓಡಿಸ್ತಾನೆ. ಮತ್ತೆ ಕೂತಾಗ ತೊಡೆ ಮಡಚೋದು ಸರಿಯಾಗಿ ಅಲ್ಲೇ. ಗಟ್ಟಿ ವಸ್ತು ಇಟ್ಕೊಂಡು ಬೈಕ್‌ನಾಗ ಹೊಸಪೇಟೆವರೆಗೆ ಒಂದ್ಸಲ ಹೋಗಿ ಬಾ, ಆಮೇಲೆ ಮಾತಾಡೋಣ. ಪ್ಯಾಂಟಿಗೆ ಏನೂ ಹೊಲೀಬ್ಯಾಡ, ಪ್ಲೇಯರ್‌ಗೇ ಕ್ಲಿಪ್ ಇಡು, ಜೇಬಿನ ಅಂಚಿಗೆ ಸಿಗಿಸೋ ಹಂಗೆ, ಹೊರಗೆ ಕಾಣೋ ಭಾಗ ಮಾತ್ರ ರಿವಿಟ್ ಥರ ಇರ್ಲಿ.

ಸೋಲ್ಡರ್_ರಾಯಚೂರು:
ಮ್ಯಾಲಿನ ಅಣ್ಣಾರು ಹೇಳಿದ್ದು ಖರೇ ಅದ. ನಾನು ರಿಪೇರಿ ಅಂಗಡಿ ಇಟ್ಟೀನ್ರಿ, ನನ್ನ ಕಡಿಂದ ಮೂರು ಮಾತು.

ನಡೆದ್ರ ಚಾರ್ಜ್ ಅಂದ್ರಲ್ಲ, ಆಟೋಮ್ಯಾಟಿಕ್ ವಾಚ್ ನಡೀತಾವ ಖರೇ, ಆದ್ರ ಗಡಿಯಾರಕ್ಕ ಬೇಕಾಗೋದು ಮೈಕ್ರೋವ್ಯಾಟ್ ಲೆಕ್ಕದಾಗ. ಹಾಡು ಡಿಕೋಡ್ ಮಾಡಿ ಬ್ಲೂಟೂತ್‌ನಾಗ ಕಳಸಬೇಕಂದ್ರ ಹತ್ತಾರು ಮಿಲಿವ್ಯಾಟ್ ಬೇಕು, ಸಾವಿರಾರು ಪಟ್ಟು ಜಾಸ್ತಿ ಆತಲ್ರಿ. ಸೊಂಟದ ಅಲುಗಾಟದಾಗ ಅಷ್ಟು ಹುಟ್ಟಂಗಿಲ್ಲ, ಮಂತ್ರಾಲಯಕ್ಕ ಪಾದಯಾತ್ರೆ ಹೊಂಟ್ರೂ ಹಾಡು ನಡುವ ನಿಂದ್ರತದ. ಅದರ ಬದ್ಲಿ ಕೈಯಿಂದ ತಿರುವೋ ಹಿಡಿಕಿ ಇಡ್ರಿ, ಹಿಡಿಕಿ ತಿರುವೋ ರೇಡಿಯೋ 90ರ ದಶಕದಾಗೇ ಬಂದಾವ. ತೋಳಿನ ಬಲಕ್ಕ ವ್ಯಾಟ್ ಲೆಕ್ಕದಾಗ ಕರೆಂಟ್ ಬರ್ತದ, ಅದು ನಂಬೋ ಮಾತು.

ಎರಡನೇದು ಬಿಸಿಲು. ಲಿಥಿಯಂ ಬ್ಯಾಟರಿ 45 ಡಿಗ್ರಿ ದಾಟಿದ ಮ್ಯಾಲ ಚಾರ್ಜ್ ಮಾಡಬಾರದು. ನಮ್ಮ ರಾಯಚೂರಾಗ ಬ್ಯಾಸಗಿಗೆ ಹೊರಗ 40 ದಾಟ್ತದ, ಇನ್ನ ಬಿಗಿ ಜೀನ್ಸ್ ಒಳಗ, ಮೈಗೆ ಹತ್ತಿ, ಬೈಕ್ ಟ್ಯಾಂಕ್ ಪಕ್ಕ ಎಷ್ಟಿರ್ತದ ನೀವೇ ನೋಡ್ರಿ. ಮೇ ತಿಂಗಳ ಬಂತಂದ್ರ ಉಬ್ಬಿದ ಬ್ಯಾಟರಿ ಎಷ್ಟು ಬರ್ತಾವ ಅಂದ್ರ ಡಬ್ಬಿ ತುಂಬಿ ಮರಳಾಗ ಇಡ್ತೀನಿ. ಅದಕ್ಕ ಬ್ಯಾಟರಿ ಅಂಟು ಹಚ್ಚಿ ಮುಚ್ಚಬ್ಯಾಡ್ರಿ, ಎರಡು ಸ್ಕ್ರೂ ಬಿಚ್ಚಿದ್ರ ಹೊರಗ ಬರಬೇಕು. ನೆಟ್‌ನಾಗಿನ ಚಿತ್ರದಾಗ ಒಂದಕ್ಕೂ ಸ್ಕ್ರೂ ಇರಂಗಿಲ್ಲ, ನನಗ ಅದಾ ಸಿಟ್ಟು.

ಮೂರನೇದು, ಮುಟ್ಟಿದ್ರ ಕೆಲಸ ಮಾಡೋ ಟಚ್ ಬ್ಯಾಡ್ರಿ. ಬೆವರು ಉಪ್ಪುನೀರು, ಅದಕ್ಕೂ ಬೆರಳಿಗೂ ಫರಕ್ ತಿಳಿಯಂಗಿಲ್ಲ, ತಾನಾ ಹಾಡು ಬದ್ಲಾಗ್ತದ. ಕಟಕ್ ಅನ್ನೋ ಸ್ವಿಚ್ ಹಾಕ್ರಿ.

ಮತ್ತ ಒಂದು ಹಳೇ ಸಂಗತಿ, ನಿಮಗ ಉಪಯೋಗ ಆಗಬಹುದು. 1979ರಾಗ ಸೋನಿ ಮೊದಲ್ನೇ ವಾಕ್‌ಮನ್ ತಂದಾಗ ಅದಕ್ಕ ಇಯರ್‌ಫೋನ್ ತೂತು ಎರಡು ಇದ್ವು. ಒಬ್ಬಾಂವನೇ ಕೇಳೋದು ಮರ್ಯಾದಿ ಅಲ್ಲ ಅಂತ ಕಂಪನಿ ದೊಡ್ಡಾಂವ ಅಕಿಯೋ ಮೊರಿಟಾ ಹಾಕಿಸಿದ್ದು. ಕೇಸರಿ ಬಣ್ಣದ ಒಂದು ಬಟನ್ ಬ್ಯಾರೆ, ಅದು ಒತ್ತಿದ್ರ ಹಾಡು ಸಣ್ಣಗಾಗಿ ಮೈಕ್‌ನಾಗ ಇಬ್ರೂ ಮಾತಾಡಬಹುದಿತ್ತು. ಜನ ಒಬ್ಬೊಬ್ರೇ ಕೇಳಾಕ ಹತ್ತಿದ್ರು, ಮುಂದಿನ ಮಾಡೆಲ್‌ನಾಗ ಆ ಬಟನ್ ತಗದ್ರು. ನನಗ ಕೇಳಿದ್ರ ಹೊಸ ಕಾನ್ಸೆಪ್ಟ್ ಅಲ್ಲಿಂದನಾ ಶುರು ಆಗಬೇಕು.

ಕಿನ್ನಾಳ_ಗಿಣಿ:
ಎಲ್ಲಾರೂ ಪ್ಯಾಂಟಿನ ಜೇಬನ್ನ ಹಿಡಕೊಂಡು ಕುಂತೀರಲ್ಲ, ಜೇಬು ಇಲ್ಲದೋರು ಹಾಡು ಕೇಳಬಾರದೇನ್ರಿ 😄 ಫೋನ್ ಐತಲ್ಲ ಅಂದೋರಿಗೂ ಒಂದ್ಮಾತು, ನಮ್ಮ ಮನ್ಯಾಗ ಐತಿ, ಒಂದ ಐತಿ, ಅದು ನಮ್ಮ ತಮ್ಮನ ಕೈಯಾಗ ಐತಿ.

ನಮ್ಮವ್ವ ಕಾಲುವಿ ನೀರು ಬಿಟ್ಟಾಗ ಗಂಗಾವತಿ ಕಡೆ ಭತ್ತ ನಾಟಿಗೆ ಹೋಗ್ತಾಳ. ಎರಡೂ ಕೈ ಕೆಸರಾಗ, ಬಗ್ಗಿದ್ದು ಬಗ್ಗಿದಂಗ. ಕಿವ್ಯಾಗ ತುರುಕೋದು ಆಕಿಗೆ ಬರಂಗಿಲ್ಲ, ಯಾಕಂದ್ರ ಬಾಜೂದಾಕಿ ಮಾತು ಕೇಳಬೇಕು, ಮತ್ತ ನಾಟಿಯವ್ರು ತಾವ ಹಾಡ್ತಾರಲ್ಲ ಅಲ್ಲೆ. ಆದ್ರ ಆಕಿ ನಡಕ್ಕ ಯಾವಾಗ್ಲೂ ಚಂಚಿ ಇರ್ತೈತಿ, ಎಲಿ ಅಡಿಕಿ ಚೀಲ, ಒಂದೊಂದು ಪದರಿನ್ಯಾಗ ಎಲಿ, ಅಡಿಕಿ, ಸುಣ್ಣದ ಡಬ್ಬಿ, ಕತ್ತಲಾಗೂ ಯಾವುದು ಎಲ್ಲಿ ಐತಿ ಅಂತ ಬೆರಳಿಗೆ ಗೊತ್ತು. ನನ್ನ ಕೇಳಿದ್ರ ಅದಕ್ಕಿಂತ ಚಂದ ಡಿಸೈನ್ ಇಲ್ಲ. ಪ್ಲೇಯರ್ ಅದ್ರಾಗ ಇರಲಿ, ಬದುವಿನ ಮ್ಯಾಲ ಬಿಚ್ಚಿ ಇಟ್ರ ಹತ್ತು ಮಂದಿಗೆ ಕೇಳಬೇಕು.

ಹಾಡು ಆರಿಸಾಕ ಬಟನ್ ಬ್ಯಾಡ. ನಮ್ಮ ಕಿನ್ನಾಳದಾಗ ಹಗುರ ಕಟಿಗಿ ಗೊಂಬಿ ಮಾಡ್ತಾರಲ್ಲ, ಹುಣಸಿ ಬೀಜದ ಅಂಟು ಹಚ್ಚಿ, ಅಂಥ ಹೆಬ್ಬೆರಳ ಗಾತ್ರದ ಗಿಣಿ, ಆನಿ, ಕುದುರಿ. ಗಿಣಿ ಇಟ್ರ ತತ್ವಪದ, ಆನಿ ಇಟ್ರ ಹಳೇ ಸಿನಿಮಾ ಹಾಡು, ಕುದುರಿ ಇಟ್ರ ರೇಡಿಯೋ. ಜರ್ಮನಿಯೊಳಗ 2016ರಿಂದ ಮಕ್ಕಳಿಗೆ ಟೋನಿಬಾಕ್ಸ್ ಅಂತ ಇದ ಥರ ಬರ್ತೈತಿ, ಗೊಂಬಿ ಇಟ್ರ ಕಥಿ ಶುರು. ಓದಾಕ ಬರದವ್ರಿಗೆ ಇದಕ್ಕಿಂತ ಸುಲಭ ಏನೈತಿ ಹೇಳ್ರಿ.

ಸೋಲ್ಡರ್_ರಾಯಚೂರು:
ಅಕ್ಕಾರ, ಭಾರೀ ಅದ. ಗೊಂಬಿ ಬುಡದಾಗ ಎನ್‌ಎಫ್‌ಸಿ ಸ್ಟಿಕ್ಕರ್ (ಹತ್ರ ಇಟ್ರ ತಂತಿ ಇಲ್ದಾ ಓದಬಹುದಾದ ಪುಟ್ಟ ಚಿಪ್) ಹಾಕಿದ್ರ ಮುಗೀತು, ಅದಕ್ಕ ಬ್ಯಾಟರಿ ಬೇಕಿಲ್ಲ, ಓದೋ ಕಾಯಿಲ್‌ನಿಂದನಾ ಕರೆಂಟ್ ಎಳಕೋತದ, ಕಟಿಗಿ ಅಡ್ಡ ಇದ್ರೂ ನಡೀತದ. ಲೋಹ ಅಡ್ಡ ಬಂದ್ರ ಮಾತ್ರ ಓದಂಗಿಲ್ಲ, ಅದಕ್ಕ ಬಂಗಾರದ ಹೊಳಪಿನ ಕೆಲಸ ಬುಡದ ಕಡಿ ಮಾಡಿಸಬ್ಯಾಡ್ರಿ.

ಬಳ್ಳಾರಿ_ಸ್ಕೆಚ್:
ಅಕ್ಕ, ಅಣ್ಣ, ರಾತ್ರಿ ಕುಂತು ಎಲ್ಲಾ ಅಳಿಸಿ ಮತ್ತೆ ಬರೆದೆ. ರಿವಿಟ್ ವೈರಿಂಗ್ ಹೋತು, ನಡಿಗೆ ಚಾರ್ಜಿಂಗೂ ಹೋತು (ಅದಕ್ಕೇ ಎರಡು ವಾರ ರೆಂಡರ್ ಮಾಡಿದ್ದೆ, ಹೊಟ್ಟೆ ಉರೀತದೆ). ಈಗ ಚಂಚಿ. ಮೂರು ಗೊಂಬೆ, ಒಂದು ಹಿಡಿಕೆ, ಎರಡು ಸ್ಕ್ರೂ, ಎರಡು ಇಯರ್‌ಫೋನ್ ತೂತು. ಬಟ್ಟೆ ಮಾತ್ರ ಡೆನಿಮ್ಮೇ, ಅದನ್ನ ಬಿಡಲ್ಲ, ನಮ್ಮೂರು ಎಲ್ಲಾದ್ರೂ ಇರ್ಬೇಕಲ್ಲ. ಅಕ್ಕಾ, ನಿಮ್ಮ ಅವ್ವಾರ ಚಂಚಿ ಫೋಟೋ ಕಳಿಸ್ತೀರಾ, ಪದರ ಹೆಂಗೆ ಮಡಚ್ತದೆ ಅಂತ ನೋಡ್ಬೇಕು. ಹೊಲಿಗೆ ಅಣ್ಣಾ, ಕಟ್ ಪೀಸ್ ಸಿಗ್ತದಾ?

ಕಿನ್ನಾಳ_ಗಿಣಿ:
ಫೋಟೋ ಕಳಸ್ತೀನಿ ತಡಿ, ತಮ್ಮ ಫೋನ್ ಕೊಡಬೇಕಲ್ಲ.

ಹೊಲಿಗೆ_ಲೈನ್:
ಕಟ್ ಪೀಸ್ ರಾಶಿ ಬಿದ್ದೈತೆ, ಭಾನುವಾರ ಬಾ. 12 ಔನ್ಸ್ (ಚದರ ಗಜಕ್ಕೆ ಇಷ್ಟು ತೂಕ ಅಂತ ಲೆಕ್ಕ) ಬಟ್ಟೆ ದಪ್ಪ, ಮಡಚಂಗಿಲ್ಲ, 8 ಔನ್ಸ್ ತೆಗೆದಿಡ್ತೀನಿ. ಪದರ ನಾಕು ಬೇಕಾ ಆರು ಬೇಕಾ ಮೊದ್ಲು ಹೇಳು.