ಪ್ರೆಸ್ಸಿನ ಸರ್ವರ್‌ಗೆ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕಲಿ? ಬಳಸಿದವರು ಹೇಳಿ

ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ಸರ್ವರ್ ತಂದಿದ್ದೇನೆ. 16 ಜಿಬಿ ರ‍್ಯಾಮ್, ಎರಡು ಡಿಸ್ಕ್. ಹನ್ನೆರಡು ವಿಂಡೋಸ್ ಕಂಪ್ಯೂಟರಿಗೆ ಫೈಲ್ ಶೇರಿಂಗ್, ರಾತ್ರಿ ಬ್ಯಾಕಪ್, ಅಷ್ಟೇ ಕೆಲಸ. ಲೈಸೆನ್ಸಿಗೆ ದುಡ್ಡಿಲ್ಲ, ಓಪನ್ ಸೋರ್ಸೇ ಆಗಬೇಕು. ಒಬ್ಬರು ಡೆಬಿಯನ್ ಲಿನಕ್ಸ್ ಅಂತಾರೆ, ಇನ್ನೊಬ್ಬರು ರಾಕಿ ಲಿನಕ್ಸ್ ಅಂತಾರೆ. ತಲೆ ಕೆಟ್ಟಿದೆ.

ಪೀಣ್ಯದಿಂದ:
ಸರ್, ಮೊದಲು ಸಪೋರ್ಟ್, ಅಂದರೆ ಅಪ್‌ಡೇಟ್ ಬರೋದು, ಯಾವತ್ತು ಮುಗಿಯುತ್ತೆ ನೋಡಿ. 2020ರ ದಸರಾ ರಜೆಯಲ್ಲಿ ನಮ್ಮ ಫ್ಯಾಕ್ಟರಿಗೆ ಸೆಂಟ್‌ಓಎಸ್ 8 ಅನ್ನೋ ಲಿನಕ್ಸ್ ಹಾಕಿದೆ. 2029ರವರೆಗೆ ಚಿಂತೆಯಿಲ್ಲ ಅಂತ ಓನರಿಗೆ ಹೇಳಿಯೂ ಬಿಟ್ಟೆ. ಡಿಸೆಂಬರಿನಲ್ಲಿ ಸುದ್ದಿ ಬಂತು, 2021ರ ಕೊನೆಗೇ ಮುಕ್ತಾಯ ಅಂತ. ಓನರ್ ಮುಂದೆ ಮುಖ ಸಣ್ಣದಾಯಿತು. ಆಮೇಲೆ ಅಲ್ಮಾಲಿನಕ್ಸ್‌ನವರ ಸ್ಕ್ರಿಪ್ಟ್ ಓಡಿಸಿ ಅದಕ್ಕೆ ಬದಲಾದೆ, ಡೇಟಾ ಏನೂ ಹೋಗಲಿಲ್ಲ. ಅಲ್ಮಾ, ರಾಕಿ ಎರಡೂ ಹುಟ್ಟಿದ್ದೇ ಆ ಗಲಾಟೆಯಿಂದ.

ಅವುಗಳಲ್ಲಿ ಎಸ್‌ಇಲಿನಕ್ಸ್ ಅಂತ ಒಬ್ಬ ಕಾವಲುಗಾರ ಇದ್ದಾನೆ. ವಿಂಡೋಸಿಗೆ ಫೈಲ್ ಹಂಚುವ ಸಾಂಬಾದ ಶೇರ್ ಕಣ್ಣಿಗೆ ಕಾಣುತ್ತೆ, ಒಳಗೆ ಹೋದರೆ ಪರ್ಮಿಷನ್ ಇಲ್ಲ ಅನ್ನುತ್ತೆ. ಫೋಲ್ಡರಿಗೆ 777, ಅಂದರೆ ಎಲ್ಲರಿಗೂ ಪೂರ್ತಿ ಪರ್ಮಿಷನ್, ಕೊಟ್ಟರೂ ಅದೇ ರಾಗ. ಇಡೀ ಮಧ್ಯಾಹ್ನ ಹೋಯಿತು. ಸಿಟ್ಟಿಗೆ ಅದನ್ನೇ ಆಫ್ ಮಾಡಿದೆ. ತಪ್ಪು ಮಾಡಿದೆ. ಫೋಲ್ಡರಿಗೆ ಆ ಕಾವಲುಗಾರ ಗುರುತಿಸುವ ಸಾಂಬಾದ ಲೇಬಲ್ ಹಾಕಿದ್ದರೆ ಎರಡು ಕಮಾಂಡಿನಲ್ಲಿ ಮುಗೀತಿತ್ತು.

ವಿಜಯನಗರದಿಂದ:
ಡೆಬಿಯನ್. ಹಾಕಿ, ಮರೆತುಬಿಡಿ. ಹಳೇ ಸರ್ವರಿನ ನೆಟ್‌ವರ್ಕ್ ಕಾರ್ಡಿಗೆ ಫರ್ಮ್‌ವೇರ್ (ಕಾರ್ಡ್ ಓಡಿಸುವ ಫೈಲ್) ಕೊಡಿ ಅಂತ ಮೊದಲೆಲ್ಲ ಇನ್‌ಸ್ಟಾಲ್ ಮಧ್ಯದಲ್ಲಿ ಕೇಳುತ್ತಿತ್ತು. ಡೆಬಿಯನ್ 12ರಿಂದ ಅದು ಜೊತೆಗೇ ಬರುತ್ತೆ. ಸೆಕ್ಯುರಿಟಿ ಅಪ್‌ಡೇಟ್ ತಾನಾಗೇ ಆಗುವ ಹಾಗೆ ಮಾಡಿಟ್ಟು ಮರೆಯಿರಿ ಮತ್ತೆ, ಸುಮ್ನೆ ಮರೆಯಬೇಡಿ.

ಜಯನಗರದಿಂದ:
ನಾನು ಫ್ರೀಬಿಎಸ್‌ಡಿ ಭಕ್ತ, ಅದು ಲಿನಕ್ಸ್ ಅಲ್ಲ, ಬೇರೆಯೇ ಓಎಸ್. ಕಾರಣ ಒಂದೇ, ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್. ನಮ್ಮ ಆಫೀಸಿನಲ್ಲಿ ಒಬ್ಬರು ಪೂರ್ತಿ ಡಿಸೈನ್ ಫೋಲ್ಡರ್ ಅಳಿಸಿಬಿಟ್ಟರು. ಝಡ್‌ಎಫ್‌ಎಸ್‌ನಲ್ಲಿ ಒಂದು ಗಂಟೆ ಹಿಂದಿನ ಸ್ನ್ಯಾಪ್‌ಶಾಟ್ (ಆ ಕ್ಷಣಕ್ಕೆ ಫೈಲುಗಳು ಇದ್ದ ಸ್ಥಿತಿ) ಇತ್ತು, ಕಾಫಿ ಆರುವಷ್ಟರಲ್ಲಿ ವಾಪಸ್ ತಂದೆ. ಆದರೆ ನಾನು ಊರಿಗೆ ಹೋದ ವಾರ ಸರ್ವರ್ ಮುಂದೆ ಕೂರೋಕೆ ಯಾರಿಗೂ ಧೈರ್ಯ ಇರಲಿಲ್ಲ, ಫೋನಿನಲ್ಲೇ ಕಮಾಂಡ್ ಹೇಳಿಸಿದೆ. ನಿಮಗೆ ಇದು ಬೇಡ ಅನಿಸುತ್ತೆ. ಉಬುಂಟುವಿನಲ್ಲೂ ಝಡ್‌ಎಫ್‌ಎಸ್ ಸುಲಭವಾಗಿ ಸಿಗುತ್ತೆ. ಯಾವುದೇ ಹಾಕಿ, ಸ್ನ್ಯಾಪ್‌ಶಾಟ್ ಅದೇ ಡಿಸ್ಕಿನಲ್ಲಿರುತ್ತೆ. ಅದನ್ನು ಬ್ಯಾಕಪ್ ಅಂದುಕೊಳ್ಳಬೇಡಿ.

ಯಲಹಂಕದಿಂದ:
ಉಬುಂಟು ಆದರೆ ಎಲ್‌ಟಿಎಸ್, ಅಂದರೆ ದೀರ್ಘ ಕಾಲ ಸಪೋರ್ಟ್ ಇರೋದು, ಮಾತ್ರ. ಹೊಸದು ಅಲ್ವಾ ಅಂತ ನಾನು 23.10 ಹಾಕಿದ್ದೆ. ಒಂಬತ್ತೇ ತಿಂಗಳಿಗೆ ಅಪ್‌ಡೇಟ್ ನಿಂತಿತು. ಎಲ್‌ಟಿಎಸ್ ಆದ 24.04ಕ್ಕೆ 2024ರಿಂದ ಐದು ವರ್ಷ ಸಪೋರ್ಟ್ ಇದೆ. ಮತ್ತೆ, ಓಎಸ್‌ಗಿಂತ ಜಾಸ್ತಿ ಕಾಡೋದು ಕರೆಂಟು. ಮಳೆಗಾಲದಲ್ಲಿ ನಮ್ಮ ಕಡೆ ಗಂಟೆಗಟ್ಟಲೆ ಹೋಗುತ್ತೆ. ಯುಪಿಎಸ್‌ನಿಂದ ಸರ್ವರಿಗೆ ಯುಎಸ್‌ಬಿ ಕೇಬಲ್ ಹಾಕಿ, ನಟ್ ಅನ್ನೋ ಪ್ರೋಗ್ರಾಂ ಕೂರಿಸಿ. ಬ್ಯಾಟರಿ ಮುಗಿಯುವ ಮೊದಲು ಅದೇ ನೀಟಾಗಿ ಶಟ್‌ಡೌನ್ ಮಾಡುತ್ತೆ.

ಪೀಣ್ಯದಿಂದ:
ಜಯನಗರದವರು ಹೇಳಿದ್ದೇ ಸರಿ, ನೋಡಿಕೊಳ್ಳೋರಿಗೆ ಗೊತ್ತಿರೋದನ್ನೇ ಹಾಕಬೇಕು. ಸರ್, ನಿಮ್ಮಲ್ಲಿ ಸರ್ವರ್ ನೋಡಿಕೊಳ್ಳೋರು ಯಾರು? ಅವರಿಗೆ ಏನು ಗೊತ್ತು?

ಕೇಳಿದವರು:
ನಮ್ಮಣ್ಣನ ಮಗ ನೋಡಿಕೊಳ್ತಾನೆ. ಲ್ಯಾಪ್‌ಟಾಪಿನಲ್ಲಿ ಉಬುಂಟು ಬಳಸ್ತಾನೆ, ಬೇರೆ ಯಾವುದೂ ಮುಟ್ಟಿಲ್ಲ. ಹಾಗಾದರೆ 24.04 ಹಾಕಿಸ್ತೇನೆ. ಭಾನುವಾರ ಪ್ರೆಸ್ ರಜೆ, ಅವನನ್ನು ಬರಹೇಳಿದ್ದೇನೆ. ಈಗಷ್ಟೇ ಯುಪಿಎಸ್ ಹಿಂದೆ ಟಾರ್ಚ್ ಬಿಟ್ಟು ನೋಡಿದೆ. ಯುಎಸ್‌ಬಿ ಪೋರ್ಟ್ ಇಲ್ಲ ಸ್ವಾಮಿ.