ಮಳೆ ಲೆಕ್ಕ ಅಷ್ಟೇ ಇದೆ, ತೋಟ ಯಾಕೆ ಬೇಗ ಒಣಗುತ್ತಿದೆ?

ಸುಂಟಿಕೊಪ್ಪ ತೋಟದವ:
ಕೊಡಗಿನ ನಮ್ಮ ಕಾಫಿ ತೋಟದಲ್ಲಿ ಅಜ್ಜನ ಕಾಲದಿಂದ ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆಯುತ್ತೇವೆ. ಹಳೇ ಪುಟಗಳನ್ನು ಕೂಡಿಸಿ ನೋಡಿದರೆ ವರ್ಷದ ಒಟ್ಟು ಮಳೆ ಹೇಳಿಕೊಳ್ಳುವಷ್ಟು ಕಮ್ಮಿ ಆಗಿಲ್ಲ. ಆದರೂ ಫೆಬ್ರವರಿ ಬರುವಷ್ಟರಲ್ಲಿ ರೊಬಸ್ಟಾ ಕಾಫಿಯ ಎಲೆ ಜೋತು ಬೀಳುತ್ತದೆ, ಕೆರೆಯ ತಳ ಕಾಣುತ್ತದೆ. ಮಳೆ ಕಮ್ಮಿ ಆಗದೆ ಊರು ಒಣಗುವುದು ಸಾಧ್ಯವಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಮಳೆಗಾಲ:
ಖಂಡಿತ ಸಾಧ್ಯ ಅಣ್ಣ. ಶುಷ್ಕತೆ ಅಳೆಯುವಾಗ ಮಳೆ ಒಂದನ್ನೇ ನೋಡುವುದಿಲ್ಲ. ನೀರು ಧಾರಾಳವಾಗಿದ್ದರೆ ಮಣ್ಣು, ಗಿಡಗಳಿಂದ ಎಷ್ಟು ಆವಿಯಾಗಿ ಹೋಗಬಹುದಿತ್ತು ಅಂತ ಲೆಕ್ಕ ಹಾಕಿ, ಬಿದ್ದ ಮಳೆಯನ್ನು ಅದರಿಂದ ಭಾಗಿಸುತ್ತಾರೆ. ಉತ್ತರ 0.65ಕ್ಕಿಂತ ಕೆಳಗಿದ್ದರೆ ಒಣಭೂಮಿ, 0.2ರಿಂದ 0.5ರೊಳಗೆ ಇದ್ದರೆ ಅರೆಶುಷ್ಕ. ಸೆಕೆ ಏರಿದಂತೆ ಭಾಗಿಸುವ ಸಂಖ್ಯೆಯೇ ದೊಡ್ಡದಾಗುತ್ತದೆ, ಮಳೆ ಹಾಗೇ ಇದ್ದರೂ ಉತ್ತರ ಇಳಿಯುತ್ತದೆ. ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು 7% ಜಾಸ್ತಿ ಆವಿ ಹಿಡಿಯಬಲ್ಲದು. ಭಾರತದ ಸರಾಸರಿ ಉಷ್ಣಾಂಶ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ ಏರಿದೆ. ವಿಶ್ವಸಂಸ್ಥೆಯ 2024ರ ವರದಿಯೊಂದು ಹೇಳುವಂತೆ, 2020ರವರೆಗಿನ ಮೂವತ್ತು ವರ್ಷದಲ್ಲಿ ಭೂಮಿಯ 77.6% ನೆಲ ಅದರ ಹಿಂದಿನ ಮೂವತ್ತು ವರ್ಷಕ್ಕಿಂತ ಒಣಗಿದೆ.

ಕುಶಾಲನಗರದವಳು:
ಲೆಕ್ಕ ಸರಿ, ಆದರೆ ಇಡೀ ವರ್ಷಕ್ಕೆ ಭಾಗಿಸಿದರೆ ಮಡಿಕೇರಿ, ಭಾಗಮಂಡಲ ಕಡೆ ಏನೂ ತೊಂದರೆಯೇ ಕಾಣುವುದಿಲ್ಲ. ಜುಲೈನಲ್ಲಿ ಸುರಿದದ್ದು ಕಾವೇರಿ ಹಿಡಿದು ಕೆಆರ್‌ಎಸ್‌ ಸೇರುತ್ತದೆ, ಮಾರ್ಚಿನಲ್ಲಿ ನಿಮ್ಮ ಗಿಡಕ್ಕೆ ಅದರಿಂದ ಏನು ಬಂತು? 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜರಿದವು, ಅಂಥ ವರ್ಷದ ಒಟ್ಟು ಮಳೆ ನೋಡಿದರೆ ಬೇಸಿಗೆ ಹೇಗಿತ್ತು ಅಂತ ಗೊತ್ತೇ ಆಗುವುದಿಲ್ಲ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಪುಟಗಳನ್ನು ಬೇರೆ ತೆಗೆಯಿರಿ. ರೊಬಸ್ಟಾಗೆ ಫೆಬ್ರವರಿ, ಮಾರ್ಚಿನಲ್ಲಿ ಮೊಗ್ಗು ಅರಳಿಸಲು ಒಂದಿಂಚಿನಷ್ಟು ಹೂಮಳೆ ಬೇಕು, ಎರಡು ಮೂರು ವಾರ ಬಿಟ್ಟು ಕಾಯಿ ಕಟ್ಟಲು ಇನ್ನೊಂದು ಮಳೆ, ಅಂದರೆ ಬ್ಯಾಕಿಂಗ್ ಮಳೆ ಬೇಕು. ಹತ್ತು ಸೆಂಟ್ ಬಿದ್ದು ನಿಂತರೆ ಮೊಗ್ಗು ಪೂರ್ತಿ ಅರಳದೆ ಹಾಳಾಗುತ್ತದೆ. ಪುಸ್ತಕದಲ್ಲಿ ಮಾತ್ರ ಅದೂ ಮಳೆಯೇ.

ಗದ್ದೆಮನೆ:
ಎಲ್ಲವನ್ನೂ ಸೆಕೆಯ ತಲೆಗೆ ಕಟ್ಟಬೇಡಿ. ಗದ್ದೆ ಪಾಳು ಬಿಟ್ಟಿದ್ದೇವೆ, ಮಳೆಗಾಲವಿಡೀ ಅಲ್ಲಿ ನಿಂತು ಇಂಗುತ್ತಿದ್ದ ನೀರು ಈಗ ಇಂಗುವುದಿಲ್ಲ. ಕಾಡುಮರ ಕಡಿದು ಸಿಲ್ವರ್ ಓಕ್ ಹಾಕಿ ನೆರಳು ತೆಳು ಮಾಡಿಕೊಂಡಿದ್ದೇವೆ. ಮೇಲಿಂದ ಫೆಬ್ರವರಿಯಲ್ಲಿ ಎಲ್ಲರ ಸ್ಪ್ರಿಂಕ್ಲರ್ ಪಂಪೂ ಒಂದೇ ತೋಡಿಗೆ. ಕೆರೆ ತಳ ಕಾಣದೆ ಇನ್ನೇನು?

ಸುಂಟಿಕೊಪ್ಪ ತೋಟದವ:
ಎಲ್ಲರಿಗೂ ಥ್ಯಾಂಕ್ಸ್. ತಿಂಗಳುವಾರು ಬಿಡಿಸಿ, 1961ರಿಂದ 1990 ಒಂದು ಕಡೆ, 1991ರಿಂದ 2020 ಇನ್ನೊಂದು ಕಡೆ ಇಟ್ಟು ನೋಡುತ್ತೇನೆ. ನಮ್ಮಲ್ಲಿ ಮಳೆ ಬಿಟ್ಟು ಉಷ್ಣಾಂಶ ಬರೆದಿಟ್ಟಿಲ್ಲ. ಪಕ್ಕದ ತೋಟಗಳಲ್ಲಿ ಯಾರಾದರೂ ಬರೆದಿದ್ದರೆ ದಯವಿಟ್ಟು ತಿಳಿಸಿ, ಬಂದು ನಕಲು ಮಾಡಿಕೊಳ್ಳುತ್ತೇನೆ.